ಮೈಸೂರನ್ನು ಮೈನ್‌ಕ್ರಾಫ್ಟ್‌ನಲ್ಲಿ ಪೂರ್ತಿ ಕಟ್ಟಿ, ಆಮೇಲೆ ಜನರನ್ನು ಸೇರಿಸಬೇಕು ಅಂತಿದ್ದೇವೆ. ಅರಮನೆಯಿಂದ ಶುರು ಮಾಡಬಹುದಾ?

ಬೇಡ. ನಾವೂ ಅರಮನೆಯಿಂದಲೇ ಶುರು ಮಾಡಿದ್ದು. ಕೊನೆಗೆ ಸಿಕ್ಕಿದ್ದು ಚಾಮುಂಡಿ ಬೆಟ್ಟ ಇಲ್ಲದ ಮೈಸೂರು.

ಈ ಆಟದಲ್ಲಿ ಎಲ್ಲವನ್ನೂ ಚೌಕ ಬ್ಲಾಕ್‌ಗಳಿಂದಲೇ ಕಟ್ಟಬೇಕು, ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಅರಮನೆಯ ಮುಂಭಾಗ 245 ಅಡಿ, ಅಂದರೆ ಬರೀ 75 ಬ್ಲಾಕ್. ಅಷ್ಟರಲ್ಲಿ ಕಮಾನಿನ ಬಾಗು ಕೂರುವುದಿಲ್ಲ. ಕಂಬ ಇಟ್ಟರೆ ಮೀಟರ್ ದಪ್ಪ, ಬಿಟ್ಟರೆ ಇಲ್ಲವೇ ಇಲ್ಲ. ಒಬ್ಬ ಹುಡುಗ "ಒಂದೂವರೆ ಪಟ್ಟು ಮಾಡೋಣ, ಚೆನ್ನಾಗಿ ಕಾಣುತ್ತೆ" ಅಂದ. ಎಲ್ಲರೂ ಸೇರಿ ಕಟ್ಟುತ್ತಿದ್ದ ಸರ್ವರ್ ನನ್ನದು, ಹೂಂ ಅಂದೆ. ನಿಜಕ್ಕೂ ಚೆನ್ನಾಗಿಯೇ ಬಂತು. ಆದರೆ ಅರಮನೆ ಒಂದನ್ನೇ ಹಿಗ್ಗಿಸಿದರೆ ಅದು ರಸ್ತೆಗೆ ಬಂದು ನಿಲ್ಲುತ್ತದಲ್ಲ, ಹಾಗಾಗಿ ಕೆ.ಆರ್. ಸರ್ಕಲ್, ಸಯ್ಯಾಜಿ ರಾವ್ ರಸ್ತೆ, ಚಿಕ್ಕ ಗಡಿಯಾರ ಎಲ್ಲವನ್ನೂ ಅದೇ ಅಳತೆಗೆ ಎಳೆದೆವು.

ಆಮೇಲೆ ಬೆಟ್ಟದ ಸರದಿ ಬಂತು. ಅದು ಊರಿನ ನೆಲದಿಂದ ಸುಮಾರು 300 ಮೀಟರ್ ಮೇಲಿದೆ. ಒಂದೂವರೆ ಪಟ್ಟಿಗೆ 450. 2021ರಲ್ಲಿ ಆಟದ 1.18 ಆವೃತ್ತಿ ಬಂದ ಮೇಲೂ ಅದರ ಮಾಮೂಲಿ ಲೋಕದ ಎತ್ತರ ತಳದಿಂದ ತುದಿಗೆ 384 ಬ್ಲಾಕ್ ಅಷ್ಟೇ! ಊರನ್ನು ತೀರಾ ತಳಕ್ಕೆ ಇಳಿಸಿದರೂ ಹಿಡಿಸುವುದಿಲ್ಲ. ಮೊದಲ ದಿನ ಒಂದು ಗುಣಾಕಾರ ಮಾಡಿದ್ದರೆ ಗೊತ್ತಾಗುತ್ತಿತ್ತು. ಮೀಟರಿಗೊಂದು ಬ್ಲಾಕ್ ಅನ್ನುವ ಒಂದಕ್ಕೊಂದು ಅಳತೆಯಲ್ಲೇ ಇದ್ದು, ನೆಲವನ್ನು ಆಟದ ಎತ್ತರದ ಲೆಕ್ಕದಲ್ಲಿ ಮೈನಸ್ 60ರ ಹತ್ತಿರ, ಅಂದರೆ ಬಹುತೇಕ ತಳದಲ್ಲೇ ಇಟ್ಟಿದ್ದರೆ ಬೆಟ್ಟ ಆರಾಮಾಗಿ ನಿಲ್ಲುತ್ತಿತ್ತು, ದೇವಸ್ಥಾನದ ಗೋಪುರಕ್ಕೂ ಜಾಗ ಉಳಿಯುತ್ತಿತ್ತು. ಕೊನೆಗೆ ಬೆಟ್ಟವನ್ನಷ್ಟೇ ಕುಗ್ಗಿಸಿ ನೋಡಿದೆವು, ಹುತ್ತದ ಥರ ಕಾಣಿಸಿತು. ಮೆಟ್ಟಿಲು ಸಾವಿರ ಬರಲಿಲ್ಲ, ನಂದಿಗೆ ಜಾಗ ಸಾಲಲಿಲ್ಲ. ಒಳಗೆ ಬಂದ ಮೈಸೂರಿನವರೆಲ್ಲ ಮೊದಲು ಕೇಳಿದ್ದು "ಗುರೂ, ಬೆಟ್ಟ ಎಲ್ಲಿ?" ಅಂತ. ಕಟ್ಟಿದ್ದನ್ನೆಲ್ಲ ಒಡೆದು ಮತ್ತೆ ಕಟ್ಟೋಣ ಅಂದಾಗ ಅರ್ಧಕ್ಕರ್ಧ ಜನ ಬಿಟ್ಟು ಹೋದರು. ಅವರದ್ದೇನೂ ತಪ್ಪಿಲ್ಲ ಬಿಡಿ.

2020ರಲ್ಲಿ ಬಿಲ್ಡ್ ದಿ ಅರ್ಥ್ ಅನ್ನುವ ತಂಡದವರು ಇದೇ ಆಟದಲ್ಲಿ ಇಡೀ ಭೂಮಿಯನ್ನೇ ಒಂದಕ್ಕೊಂದು ಅಳತೆಯಲ್ಲಿ ಕಟ್ಟಲು ಹೊರಟರು. ಚಂದಕ್ಕೋಸ್ಕರ ಅಳತೆ ಬದಲಿಸಲಿಲ್ಲ. ನೀವೂ ಬದಲಿಸಬೇಡಿ. ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ಉಚಿತ ನಕ್ಷೆಯಿಂದ ರಸ್ತೆ ತೆಗೆದುಕೊಳ್ಳಿ, ಮೊದಲು ಬೆಟ್ಟ ಎಬ್ಬಿಸಿ.

ಇನ್ನು "ಪೂರ್ತಿ ಕಟ್ಟಿ ಆಮೇಲೆ ಜನ" ಅನ್ನೋದು ನನಗೆ ಒಪ್ಪಿಗೆಯೇ ಇಲ್ಲ. ನಮ್ಮಲ್ಲಿ ಅರಮನೆಗೆ ಬಂದವರು ಒಂದು ಸುತ್ತು ಹಾಕಿ, ಸ್ಕ್ರೀನ್‌ಶಾಟ್ ತೆಗೆದು ಹೋಗುತ್ತಿದ್ದರು. ಜನ ಉಳಿದದ್ದು ದೇವರಾಜ ಮಾರ್ಕೆಟ್‌ನಲ್ಲಿ. ಅಲ್ಲಿ ತಲೆಗೊಂದು ಅಂಗಡಿ ಕೊಟ್ಟಿದ್ದೆವು. ಒಬ್ಬರು ಆಟದ ಕಾಂಕ್ರೀಟ್ ಪೌಡರ್ ಬ್ಲಾಕ್‌ನಲ್ಲಿ ಕುಂಕುಮದ ರಾಶಿ ಹಾಕಿದರು, ಪಕ್ಕದವರು ಬಾಳೆಗೊನೆ ನೇತುಹಾಕಿದರು, ಮಲ್ಲಿಗೆ ಅಂಗಡಿ ಯಾವ ಕಡೆಗಿತ್ತು ಅಂತ ರಾತ್ರಿಯೆಲ್ಲ ಜಗಳ. ಅಮೆರಿಕದಲ್ಲಿದ್ದ ಮೈಸೂರಿನವರೂ ಆ ಜಗಳಕ್ಕಂತಲೇ ಬರುತ್ತಿದ್ದರು. ಹಾಗಾಗಿ ಖಾಲಿ ಮಳಿಗೆ ಇರುವಾಗಲೇ ಬಾಗಿಲು ತೆರೆಯಿರಿ. ಅರಮನೆಯನ್ನು ಯಾರಾದರೂ ಹಠ ಹಿಡಿದು ಕಟ್ಟಿಯೇ ಕಟ್ಟುತ್ತಾರೆ, ಆ ಚಿಂತೆ ನಿಮಗೆ ಬೇಡ.