ಪ್ರಶ್ನೋತ್ತರ: ಮೊಜಾರ್ಟ್ ಹೆಸರಿನ ಬೆಳ್ಳಿ ನಾಣ್ಯ

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಅರವತ್ತರ ದಶಕದಲ್ಲಿ ತರಬೇತಿಗೆಂದು ಆಸ್ಟ್ರಿಯಾಕ್ಕೆ ಹೋಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ ಒಂದು ಬಿಳಿ ನಾಣ್ಯ ಸಿಕ್ಕಿತು. ಒಂದು ಮುಖದಲ್ಲಿ 25 ಷಿಲ್ಲಿಂಗ್ ಎಂದಿದೆ. ಇನ್ನೊಂದರಲ್ಲಿ ನಿಂತಿರುವ ವ್ಯಕ್ತಿಯ ಚಿತ್ರ, ಮೊಜಾರ್ಟ್ ಎಂಬ ಹೆಸರು ಮತ್ತು 1956ರ ಇಸವಿ ಇವೆ. ಇಲ್ಲಿನ ಆಭರಣದಂಗಡಿಯವರು ಒರೆ ಹಚ್ಚಿ ನೋಡಿ ‘ಇದು ಕಲಬೆರಕೆ’ ಎಂದು ಪಕ್ಕಕ್ಕಿಟ್ಟರು. ಇಂಟರ್ನೆಟ್ಟಿನಲ್ಲಿ ನೋಡಿದರೆ ಇದು ಅಪರೂಪದ್ದೆಂದು ಭಾರಿ ಬೆಲೆ ಕೂಗುವವರಿದ್ದಾರೆ. ಯಾರನ್ನು ನಂಬುವುದು? – ಧಾರವಾಡದ ಓದುಗರು

ಉತ್ತರ: ಇಬ್ಬರನ್ನೂ ಪೂರ್ತಿಯಾಗಿ ನಂಬಬೇಡಿ. ಸಂಗೀತ ರಚನಕಾರ ಮೊಜಾರ್ಟ್ ಹುಟ್ಟಿದ್ದು 1756ರ ಜನವರಿ 27ರಂದು, ಸಾಲ್ಜ್‌ಬರ್ಗ್ ನಗರದಲ್ಲಿ. ಆ ಜನ್ಮದಿನಕ್ಕೆ ಇನ್ನೂರು ವರ್ಷ ತುಂಬಿದ ನೆನಪಿಗೆ ಆಸ್ಟ್ರಿಯಾ ಹೊರಡಿಸಿದ ನಾಣ್ಯ ನಿಮ್ಮದು. ಎರಡನೆಯ ಮಹಾಯುದ್ಧದ ನಂತರ ಹತ್ತು ವರ್ಷ ನಾಲ್ಕು ರಾಷ್ಟ್ರಗಳ ಸೇನೆಗಳನ್ನು ಹೊತ್ತುಕೊಂಡಿದ್ದ ಆ ದೇಶ 1955ರಲ್ಲಿ ಮತ್ತೆ ಸ್ವತಂತ್ರವಾಯಿತು; ಯುದ್ಧದಲ್ಲಿ ಹಾಳಾಗಿದ್ದ ವಿಯೆನ್ನಾದ ಆಪೆರಾ ಭವನವೂ ಅದೇ ವರ್ಷ ಬಾಗಿಲು ತೆರೆಯಿತು. 25 ಷಿಲ್ಲಿಂಗ್‌ನ ಬೆಳ್ಳಿ ಸ್ಮರಣ ನಾಣ್ಯಗಳ ಸರಣಿಯ ಮೊದಲ ನಾಣ್ಯವನ್ನು ಸರ್ಕಾರಿ ರಂಗಮಂದಿರಗಳ ಈ ಪುನರಾರಂಭಕ್ಕೇ ಅರ್ಪಿಸಲಾಗಿತ್ತು. ಮರುವರ್ಷ ಬಂದದ್ದು ಮೊಜಾರ್ಟ್ ನಾಣ್ಯ. ಅದರ ಮೇಲೆ ನಿಂತಿರುವುದು ಸಾಲ್ಜ್‌ಬರ್ಗ್‌ನ ಚೌಕದಲ್ಲಿ 1842ರಲ್ಲಿ ಅನಾವರಣಗೊಂಡ ಕಂಚಿನ ಪ್ರತಿಮೆ. ಶಿಲ್ಪಿ ಶ್ವಾನ್‌ತಾಲರ್ ರೂಪಿಸಿದ ಆ ಪ್ರತಿಮೆಯ ಅನಾವರಣಕ್ಕೆ ಮೊಜಾರ್ಟನ ಇಬ್ಬರು ಮಕ್ಕಳೂ ಬಂದಿದ್ದರು. ಹೆಂಡತಿ ಕಾನ್‌ಸ್ಟಾನ್ಸ ಮಾತ್ರ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದಳು.

ಇನ್ನು ಲೋಹದ ಮಾತು. ನಾಣ್ಯದ ತೂಕ 13 ಗ್ರಾಂ, ಅಡ್ಡಳತೆ 30 ಮಿಲಿಮೀಟರ್. ನೂರರಲ್ಲಿ 80 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಂಗಡಿಯವರು ಕಲಬೆರಕೆ ಎಂದದ್ದು ಈ ತಾಮ್ರವನ್ನು ಕಂಡು. ಆಭರಣದ ಲೆಕ್ಕದಲ್ಲಿ ಅದು ಸರಿಯೇ, ಆದರೆ ಇದು ಮೋಸದ ಕಲಬೆರಕೆಯಲ್ಲ, ಟಂಕಸಾಲೆಯೇ ನಿಗದಿಪಡಿಸಿದ ಮಿಶ್ರಣ. ಅಪ್ಪಟ ಬೆಳ್ಳಿ ಮೆದುವಾದ್ದರಿಂದ ಕೈಯಿಂದ ಕೈಗೆ ಓಡಾಡುವ ನಾಣ್ಯಕ್ಕೆ ತಾಮ್ರದ ಬಲ ಬೇಕು. ಹಾಗಾಗಿ ನಿಮ್ಮ ಕೈಯಲ್ಲಿರುವ ಅಪ್ಪಟ ಬೆಳ್ಳಿ 10.4 ಗ್ರಾಂ. ಆ ದಿನದ ಪೇಟೆ ಧಾರಣೆಯನ್ನು ಇದಕ್ಕೆ ಗುಣಿಸಿದರೆ ನಾಣ್ಯದ ತಳಮಟ್ಟದ ಬೆಲೆ ಗೊತ್ತಾಗುತ್ತದೆ. ಸಾಮಾನ್ಯ ಸ್ಥಿತಿಯ ನಾಣ್ಯ ಅದಕ್ಕಿಂತ ಬಹಳ ಮೇಲೆ ಏರುವುದಿಲ್ಲ, ಏಕೆಂದರೆ ಟಂಕಿಸಿದ್ದು ಸುಮಾರು 50 ಲಕ್ಷ. ಐವತ್ತು ಲಕ್ಷ ಇದ್ದದ್ದನ್ನು ಅಪರೂಪ ಎನ್ನುವವರ ಧೈರ್ಯವನ್ನು ಮೆಚ್ಚಬೇಕು. ಇಂಟರ್ನೆಟ್ಟಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ; ಕೊಳ್ಳುವವರು ಕೊಟ್ಟ ಬೆಲೆಯನ್ನು ನೋಡಬೇಕಾದರೆ ಮುಗಿದುಹೋದ ಹರಾಜುಗಳನ್ನು ಹುಡುಕಬೇಕು. ಮುಖಬೆಲೆಯನ್ನಂತೂ ಮರೆತುಬಿಡಿ: ಷಿಲ್ಲಿಂಗ್ 2002ರಲ್ಲಿ ಯೂರೊಗೆ ಜಾಗ ಬಿಟ್ಟುಕೊಟ್ಟಾಗ ಇದ್ದ ದರ ಒಂದು ಯೂರೊಗೆ 13.7603 ಷಿಲ್ಲಿಂಗ್, ಅಂದರೆ ನಿಮ್ಮ 25 ಷಿಲ್ಲಿಂಗ್‌ಗೆ 1.82 ಯೂರೊ. ಹತ್ತು ಗ್ರಾಂ ಬೆಳ್ಳಿಯನ್ನು ಅಷ್ಟಕ್ಕೆ ಯಾರೂ ಕೊಡುವುದಿಲ್ಲ.

ಅಸಲಿಯೋ ನಕಲಿಯೋ ಎಂಬ ಸಂಶಯವಿದ್ದರೆ ಮತ್ತೆ ಒರೆ ಹಚ್ಚಿಸಬೇಡಿ. ಆ ಗೀರು ಹೋಗುವುದಿಲ್ಲ. ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 1.28ರ ಆಸುಪಾಸಿನಲ್ಲಿ ನಿಂತರೆ ಅದು ಶೇಕಡಾ 80ರ ಬೆಳ್ಳಿಗೆ ತಕ್ಕ ಸಾಂದ್ರತೆ. ಅದೇ 13 ಗ್ರಾಂ ತೂಗುವ ತಾಮ್ರ–ನಿಕ್ಕಲ್‌ನ ನಕಲಿಯಾದರೆ 1.46 ಎಂದು ತೋರಿಸುತ್ತದೆ. ನಾಣ್ಯದ ಮೇಲೆ ಅಂಟಿಕೊಂಡ ಗಾಳಿಗುಳ್ಳೆಗಳನ್ನು ಮೊದಲೇ ಅಲುಗಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಕೇಳದ ಪ್ರಶ್ನೆಯೊಂದಕ್ಕೂ ಇಲ್ಲೇ ಉತ್ತರಿಸುತ್ತೇವೆ. ಮೊಜಾರ್ಟ್ ಬದುಕಿದ್ದಾಗ ವಿಯೆನ್ನಾದಲ್ಲಿ ನಡೆಯುತ್ತಿದ್ದದ್ದು ಗುಲ್ಡನ್ ನಾಣ್ಯ. 1753ರಲ್ಲಿ ಆಸ್ಟ್ರಿಯಾ ಮತ್ತು ಬವೇರಿಯಾ ಮಾಡಿಕೊಂಡ ಒಪ್ಪಂದದಂತೆ 233.856 ಗ್ರಾಂ ತೂಗುವ ಒಂದು ಕಲೋನ್ ಮಾರ್ಕ್ ಅಪ್ಪಟ ಬೆಳ್ಳಿಯಿಂದ 20 ಗುಲ್ಡನ್ ತೆಗೆಯಬೇಕಿತ್ತು. ಅಂದರೆ ಗುಲ್ಡನ್ ಒಂದಕ್ಕೆ 11.69 ಗ್ರಾಂ. ನಮ್ಮ ಅಜ್ಜಿಯರ ಗಂಟಿನಲ್ಲಿರುತ್ತಿದ್ದ ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿದ್ದ ಅಪ್ಪಟ ಬೆಳ್ಳಿ 10.69 ಗ್ರಾಂ. ಆದ್ದರಿಂದ ಮೊಜಾರ್ಟನ ಗುಲ್ಡನ್, ನಮ್ಮ ಬೆಳ್ಳಿ ರೂಪಾಯಿ, ನಿಮ್ಮ 25 ಷಿಲ್ಲಿಂಗ್, ಈ ಮೂರರ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಅಳತೆಯದು. 1787ರ ಡಿಸೆಂಬರಿನಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅವನನ್ನು ಆಸ್ಥಾನದ ಸಂಗೀತಗಾರನಾಗಿ ನೇಮಿಸಿದಾಗ ಗೊತ್ತುಮಾಡಿದ ಸಂಬಳ ವರ್ಷಕ್ಕೆ 800 ಗುಲ್ಡನ್. ಅವನಿಗಿಂತ ಮುಂಚೆ ಇದ್ದ ಗ್ಲುಕ್‌ಗೆ ಸಿಗುತ್ತಿದ್ದದ್ದು 2,000. ಎಂಟುನೂರು ಗುಲ್ಡನ್ ಎಂದರೆ ಒಂಬತ್ತು ಕಿಲೋಗೂ ಮಿಕ್ಕಿದ ಬೆಳ್ಳಿ, ಕಡಿಮೆಯೇನಲ್ಲ. ಆದರೂ ಆ ವರ್ಷಗಳಲ್ಲಿ ಅವನು ಬಟ್ಟೆ ವ್ಯಾಪಾರಿ ಪುಖ್‌ಬರ್ಗ್‌ಗೆ ಸಾಲ ಕೇಳಿ ಬರೆದ ಕಾಗದಗಳು ಉಳಿದುಬಂದಿವೆ. ನಿಮ್ಮ ದೊಡ್ಡಪ್ಪನವರ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡರೆ ಅವನಿಗೆ ದಿನದ ಲೆಕ್ಕದಲ್ಲಿ ಬರುತ್ತಿದ್ದ ಸಂಬಳದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬೆಳ್ಳಿ ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ: ನನ್ನಲ್ಲಿರುವ ಹಳೆಯ ಬೆಳ್ಳಿ ನಾಣ್ಯಗಳು ಕಪ್ಪಾಗಿವೆ. ದೇವರ ಸಾಮಾನು ಬೆಳಗುವಂತೆ ಇವನ್ನೂ ವಿಭೂತಿಯಿಂದ ಉಜ್ಜಬಹುದೇ? – ಶಿವಮೊಗ್ಗದ ಓದುಗರು

ಉತ್ತರ: ದಯವಿಟ್ಟು ಬೇಡ. ದೀಪದ ಕಂಬಕ್ಕೂ ನಾಣ್ಯಕ್ಕೂ ವ್ಯತ್ಯಾಸವಿದೆ. ದೀಪ ಹೊಳೆದರೆ ಚೆಂದ. ನಾಣ್ಯದಲ್ಲಿ ನೋಡಬೇಕಾದದ್ದು ಅಚ್ಚು ಬಿದ್ದಾಗ ಮೂಡಿದ ಸೂಕ್ಷ್ಮ ಗೆರೆಗಳು. ವಿಭೂತಿ, ಹಲ್ಲುಪುಡಿ, ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ, ಇವುಗಳಲ್ಲಿ ಕೆಲವು ಮೇಲ್ಮೈಯನ್ನು ಸವೆಸುತ್ತವೆ, ಕೆಲವು ಕೊರೆಯುತ್ತವೆ. ಉಬ್ಬಿದ ಭಾಗಗಳು, ಅಂದರೆ ಮೂಗು, ಕೂದಲು, ಬಟ್ಟೆಯ ಮಡಿಕೆ, ಮೊದಲು ಅಳಿಯುತ್ತವೆ. ಕಪ್ಪು ಬಣ್ಣ ಕೊಳೆಯಲ್ಲ; ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಂದಿಗೆ ಸೇರಿ ಆದ ತೆಳುಪದರ. ಸಮನಾಗಿ ಹಬ್ಬಿದ ಆ ಛಾಯೆಯನ್ನು ಸಂಗ್ರಾಹಕರು ಇಷ್ಟಪಟ್ಟು ಕೊಳ್ಳುತ್ತಾರೆ, ಉಜ್ಜಿ ಹೊಳಪಿಸಿದ್ದನ್ನು ಬೆಲೆ ಇಳಿಸಿ ಕೇಳುತ್ತಾರೆ.

ಜಿಡ್ಡಿದ್ದರೆ ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು, ಒರೆಸದೆ ಆರಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬೇರೆ ವಸ್ತುಗಳೂ ಬೆರೆತಿರುವುದರಿಂದ ಅದು ಆಗದು. ಇಡುವಾಗ ಎರಡು ವೈರಿಗಳನ್ನು ದೂರವಿಡಿ. ಒಂದು, ಗಂಧಕವಿರುವ ರಬ್ಬರ್ ಬ್ಯಾಂಡ್: ಅದನ್ನು ಸುತ್ತಿಟ್ಟಲ್ಲಿ ಕಪ್ಪು ಗೆರೆ ಬೀಳುತ್ತದೆ. ಇನ್ನೊಂದು, ಪಿವಿಸಿಯ ಮೆದು ಪ್ಲಾಸ್ಟಿಕ್ ಚೀಲ. ಕಾಲಕ್ರಮದಲ್ಲಿ ಅದು ಹಸಿರು ಜಿಗುಟು ಬಿಡುತ್ತದೆ.

ಪ್ರಶ್ನೆ: 1928ರ ಶೂಬರ್ಟ್ ನಾಣ್ಯ 1956ರ ಮೊಜಾರ್ಟ್ ನಾಣ್ಯಕ್ಕಿಂತ ಹಳೆಯದಾದ್ದರಿಂದ ಹೆಚ್ಚು ಬೆಲೆಯದೇ? – ಮೈಸೂರಿನ ಓದುಗರು

ಉತ್ತರ: ವಯಸ್ಸಿನಿಂದ ಬೆಲೆ ಬರುವುದಿಲ್ಲ. ಆಸ್ಟ್ರಿಯಾದ ಇನ್ನೊಬ್ಬ ಸಂಗೀತ ರಚನಕಾರ ಶೂಬರ್ಟ್ ತೀರಿಕೊಂಡು ನೂರು ವರ್ಷವಾದಾಗ ಬಂದ ಆ 2 ಷಿಲ್ಲಿಂಗ್ ನಾಣ್ಯ 12 ಗ್ರಾಂ ತೂಗುತ್ತದೆ, ಬೆಳ್ಳಿ ಮಾತ್ರ ಶೇಕಡಾ 64. ಅಪ್ಪಟ ಬೆಳ್ಳಿ ಎಂಟು ಗ್ರಾಮಿಗೂ ಕಡಿಮೆ. ಟಂಕಿಸಿದ್ದು 69 ಲಕ್ಷ. ಅದೇ ಸರಣಿಯಲ್ಲಿ 1931ರ ಮೊಜಾರ್ಟ್ ನಾಣ್ಯ 5 ಲಕ್ಷ, 1932ರ ಹೇಡನ್ ನಾಣ್ಯ 3 ಲಕ್ಷ ಮಾತ್ರ. ಹುಡುಕುವುದಿದ್ದರೆ ಹೇಡನ್ನನ್ನು ಹುಡುಕಿ.

ಪ್ರಶ್ನೆ: ನಮ್ಮ ದೇಶದಲ್ಲಿ ಸಂಗೀತದವರ ಹೆಸರಿನಲ್ಲಿ ಇಂಥ ಬೆಳ್ಳಿ ನಾಣ್ಯಗಳು ಬಂದಿಲ್ಲವೇ? – ಉಡುಪಿಯ ಓದುಗರು

ಉತ್ತರ: ಬಂದಿವೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಜನ್ಮಶತಮಾನೋತ್ಸವಕ್ಕೆ 100 ರೂಪಾಯಿಯ ನಾಣ್ಯ ಬಂತು. ಆದರೆ ಅವರು ಗಾಯಕಿ. ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಅದರ ಸ್ವರಸಂಯೋಜನೆಯನ್ನೂ, ತಾನೇ ರಚಿಸುವವನನ್ನೇ ನಾವು ವಾಗ್ಗೇಯಕಾರ ಎನ್ನುವುದಾದರೆ, ರವೀಂದ್ರನಾಥ ಟಾಗೋರರ 150ನೇ ಜಯಂತಿಗೆ 2011ರಲ್ಲಿ ಬಂದ 150 ರೂಪಾಯಿಯ ನಾಣ್ಯ ಆ ಮಾತಿಗೆ ಒಪ್ಪುತ್ತದೆ: ತೂಕ 35 ಗ್ರಾಂ, ಅದರಲ್ಲಿ ಅರ್ಧ ಬೆಳ್ಳಿ, ಉಳಿದರ್ಧ ತಾಮ್ರ, ನಿಕ್ಕಲ್ ಮತ್ತು ಸತು. ಇಂಥ ನಾಣ್ಯಗಳು ಚಲಾವಣೆಗೆ ಬರುವುದಿಲ್ಲ. ಟಂಕಸಾಲೆಯಲ್ಲಿ ಮುಂಗಡ ಕಾಯ್ದಿರಿಸಿ ಕೊಳ್ಳಬೇಕು. ಕರ್ನಾಟಕ ಸಂಗೀತದ ಹಿರಿಯರನ್ನು ನಮ್ಮಲ್ಲಿ ಹೆಚ್ಚಾಗಿ ನೆನೆದದ್ದು ಅಂಚೆ ಇಲಾಖೆ: ತ್ಯಾಗರಾಜರ ಅಂಚೆಚೀಟಿ 1961ರಲ್ಲಿ, ಪುರಂದರದಾಸರದು 1964ರಲ್ಲಿ, ಮುತ್ತುಸ್ವಾಮಿ ದೀಕ್ಷಿತರದು 1976ರಲ್ಲಿ, ಶ್ಯಾಮಾಶಾಸ್ತ್ರಿಗಳದು 1985ರಲ್ಲಿ ಬಂದವು. ಪುರಂದರದಾಸರ ಚೀಟಿ ಈಗಲೂ ಅಂಚೆಚೀಟಿ ಸಂಗ್ರಾಹಕರಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.