ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯವರನ್ನು ಜನ ಆರಿಸುವುದಿಲ್ಲ. ಅವರು ಜೈಲಿನ ಬಗ್ಗೆ ಮಾತಾಡಿದರೆ ಏನಾದರೂ ಆಗುತ್ತದಾ?

ಆಗುತ್ತದೆ. ಆದರೆ ಬರೀ ಭಾಷಣದಿಂದ ಕಡಿಮೆ, ತಿದ್ದುಪಡಿಯಿಂದ ಜಾಸ್ತಿ. ಸಾಮಾನ್ಯವಾಗಿ ಮಸೂದೆಯ ಪದಪದವನ್ನೂ ಎರಡೂ ಸಭೆಗಳು ಒಪ್ಪಬೇಕು. ಲಾರ್ಡ್ಸ್ ತಿದ್ದಿದ್ದನ್ನು ಜನ ಆರಿಸಿದ ಕೆಳಮನೆಯಾದ ಕಾಮನ್ಸ್ ತಳ್ಳಿಹಾಕಿದರೆ ಮಸೂದೆ ಮತ್ತೆ ವಾಪಸ್. ಈ ಓಡಾಟಕ್ಕೆ ಅಲ್ಲಿಯವರು ಇಟ್ಟ ಹೆಸರೇ ‘ಪಿಂಗ್ ಪಾಂಗ್’. ಸರ್ಕಾರಕ್ಕೆ ಟೈಮ್ ಹೋಗುತ್ತದೆ. ಅದೇ ಲಾರ್ಡ್ಸ್ ಕೈಯಲ್ಲಿರುವ ಹಿಡಿತ.

ಡೇವಿಡ್ ರಾಮ್ಸ್‌ಬಾಟಮ್ ಅವರನ್ನೇ ನೋಡಿ. ಸೈನ್ಯದಲ್ಲಿ ಜನರಲ್ ಆಗಿದ್ದವರು, ಆಮೇಲೆ ಜೈಲುಗಳ ಮುಖ್ಯ ತಪಾಸಣಾಧಿಕಾರಿ. 1995ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹಾಲೊವೇ ಮಹಿಳಾ ಜೈಲಿಗೆ ತಪಾಸಣೆಗೆ ಹೋದರು. ಎಲ್ಲೆಲ್ಲೂ ಕೊಳಕು, ಇಲಿಗಳ ಕಾಟ. ತಪಾಸಣೆಯನ್ನು ಅರ್ಧಕ್ಕೇ ಬಿಟ್ಟು ಹೊರಬಂದರು! 2005ರಲ್ಲಿ ಲಾರ್ಡ್ಸ್ ಸೇರಿದಾಗ ಯಾವ ಪಕ್ಷಕ್ಕೂ ಸೇರದ ಸದಸ್ಯರಾಗಿ ಕುಳಿತರು. ಹಾಗಾಗಿ ಪಕ್ಷದ ವಿಪ್ ಕಾಟ ಇರಲಿಲ್ಲ.

ಆಗ ಒಂದು ಮಸೂದೆ ಬಂತು. ಸಂಸ್ಥೆಯ ಘೋರ ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಆ ಸಂಸ್ಥೆಯ ಮೇಲೇ ಕೇಸ್ ಹಾಕಬಹುದು ಅಂತ. ಆದರೆ ಜೈಲು, ಪೊಲೀಸ್ ಕಸ್ಟಡಿಯ ಸಾವುಗಳನ್ನು ಸರ್ಕಾರ ಸುಮ್ನೆ ಹೊರಗಿಟ್ಟಿತ್ತು. ಅವೂ ಸೇರಲಿ ಅಂತ ರಾಮ್ಸ್‌ಬಾಟಮ್ ತಿದ್ದುಪಡಿ ತಂದರು. ಕಾಮನ್ಸ್ ಬೇಡ ಅಂದಿತು. ಲಾರ್ಡ್ಸ್ ಮತ್ತೆ ಬೇಕು ಅಂದಿತು. ಹೀಗೆ ಹಲವು ಸಲ ನಡೆದು, 2007ರ ಜುಲೈನಲ್ಲಿ ಸರ್ಕಾರವೇ ಮಣಿಯಿತು. ಕಾಯ್ದೆ ಆ ವರ್ಷವೇ ಆಯಿತು. ಕಸ್ಟಡಿಯ ಭಾಗ ಜಾರಿಗೆ ಬರೋಕೆ ಮಾತ್ರ 2011ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.