ಪರಾವಲಂಬಿ ಜೀವಿಗಳಿಂದ ಹೃದಯಕ್ಕೂ ತೊಂದರೆ ಆಗುತ್ತದೆಯೇ?

ಆಗುತ್ತದೆ. ಆದರೆ ನಮ್ಮ ಮಂಗಳೂರು ಕಡೆ ಅಪರೂಪ.

ಇದರಲ್ಲಿ ಕುಖ್ಯಾತವಾದದ್ದು ಚಾಗಾಸ್ ಕಾಯಿಲೆ. 1909ರಲ್ಲಿ ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಾಸ್ ಗುರುತಿಸಿದ್ದು. ರಕ್ತ ಹೀರುವ ಒಂದು ಬಗೆಯ ಕೀಟದ ಹಿಕ್ಕೆಯಿಂದ ಟ್ರಿಪನೊಸೋಮಾ ಕ್ರೂಜಿ ಎಂಬ ಸೂಕ್ಷ್ಮಜೀವಿ ಮೈ ಸೇರುತ್ತದೆ. ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಆಮೇಲೆ ಕೆಲವರಲ್ಲಿ ಹೃದಯದ ಸ್ನಾಯು ಸೊರಗಿ, ಬಡಿತ ತಪ್ಪುತ್ತದೆ. ಇದು ಮುಖ್ಯವಾಗಿ ಲ್ಯಾಟಿನ್ ಅಮೆರಿಕದ ರೋಗ. ಇಲ್ಲಿನ ಹಾಸಿಗೆ ತಿಗಣೆ ಕಂಡು ಗಾಬರಿಯಾಗಬೇಡಿ!

ನಮಗೆ ಪರಿಚಯದ್ದು ಮಲೇರಿಯಾ ಅಲ್ವಾ? ಸಾಮಾನ್ಯ ಮಲೇರಿಯಾ ಬಂದು ವಾಸಿಯಾದವರಿಗೆ ಹೃದಯದ ಚಿಂತೆ ಬೇಡ. ಮಲೇರಿಯಾ, ಮುಖ್ಯವಾಗಿ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆ, ವಿಪರೀತಕ್ಕೆ ಹೋದರೆ ಹೃದಯಕ್ಕೂ ಪೆಟ್ಟು ಬೀಳಬಹುದು. ಇನ್ನೊಂದು, ಕ್ಲೋರೋಕ್ವಿನ್, ಕ್ವಿನೈನ್‌ನಂಥ ಮಲೇರಿಯಾ ಔಷಧಗಳು ಬಡಿತದ ಲಯವನ್ನು ಏರುಪೇರು ಮಾಡಬಲ್ಲವು. ಮೊದಲೇ ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಿಯೇ ಮಾತ್ರೆ ಶುರು ಮಾಡಿ.